ಕಿಂಡಿಯಿಲ್ಲದ ಗೋಡೆ

ಚಿತ್ರದುರ್ಗದಲ್ಲಿ ಟನೆಲಿಂಗ್, ಅಂದರೆ ಗೋಡೆ ಹತ್ತುವಷ್ಟು ಶಕ್ತಿಯಿಲ್ಲದ ಎಲೆಕ್ಟ್ರಾನ್ ಅದರಾಚೆ ದಾಟುವ ಪಾಠ ಮಾಡುವ ಮೇಷ್ಟ್ರಿಗೆ ಒಂದು ಕಾಟ ತಪ್ಪಿದ್ದಲ್ಲ. ಎಲೆಕ್ಟ್ರಾನ್ ಗೋಡೆಯಾಚೆ ಹೇಗೆ ಹೋಯ್ತು ಅಂತ ಕೇಳಿದರೆ ಸಾಕು, ಹಿಂದಿನ ಬೆಂಚಿನಿಂದ ಉತ್ತರ ಬರುತ್ತೆ: "ಓಬವ್ವನ ಕಿಂಡಿ, ಸಾರ್!" ಹೈದರಾಲಿಯ ಸೈನಿಕರು ನುಸುಳಿದ್ದು ಮೊದಲೇ ಇದ್ದ ಕಿಂಡಿಯಲ್ಲಿ. ಇಲ್ಲಿ ಕಿಂಡಿಯೇ ಇಲ್ಲ. ಎಲೆಕ್ಟ್ರಾನಿನ ಅಲೆ ಗೋಡೆಯೊಳಗೆ ಸೊರಗುತ್ತಾ ಹೋಗುತ್ತೆ. ಗೋಡೆ ತೆಳುವಾಗಿದ್ದರೆ ಒಂದಿಷ್ಟು ಉಳಿದು ಆಚೆ ಮುಟ್ಟುತ್ತೆ.

ಎಲೆಕ್ಟ್ರಾನನ್ನು ಕೂಡಿಹಾಕುವ ಪುಟಾಣಿ ಹರಳು, ಅಂದರೆ ಕ್ವಾಂಟಂ ಡಾಟ್ ಬೆಳೆಸುವ ಸಲಕರಣೆ ನಮ್ಮಲ್ಲೆಲ್ಲಿಂದ ಬರಬೇಕು? ಪ್ರಾಜೆಕ್ಟಿಗೆ ಬಂದ ಎಂಎಸ್ಸಿ ಹುಡುಗಿಯ ಜೊತೆ ಕೂತು ಪೈಥಾನಿನಲ್ಲಿ ಲೆಕ್ಕ ಹಾಕಿದೆ. ಡಾಟ್ ಅಂದರೆ ಮೂರೂ ದಿಕ್ಕಿಗೆ ಬಂದೋಬಸ್ತು. ನಾವು ಕರೆಂಟ್ ಹರಿಯುವ ದಿಕ್ಕೊಂದನ್ನೇ ಹಿಡಿದೆವು. ನಡುವೆ 5 ನ್ಯಾನೊಮೀಟರ್ ಗ್ಯಾಲಿಯಂ ಆರ್ಸೆನೈಡ್ ಅನ್ನೋ ಅರೆವಾಹಕ, ಎಡಬಲಕ್ಕೆ ಅಲ್ಯೂಮಿನಿಯಂ ಬೆರೆತ 3 ನ್ಯಾನೊಮೀಟರಿನ ಗೋಡೆಗಳು, ಎತ್ತರ 0.3 ಎಲೆಕ್ಟ್ರಾನ್ ವೋಲ್ಟ್. ಒಂದೊಂದು ಗಡಿಗೂ ಒಂದು ಮ್ಯಾಟ್ರಿಕ್ಸ್, ಎಲ್ಲವನ್ನೂ ಗುಣಿಸುವುದು, ಅಷ್ಟೇ.

ಯಾವ ಶಕ್ತಿಯ ಎಲೆಕ್ಟ್ರಾನ್ ಎಷ್ಟು ಪಾಲು ಆಚೆ ದಾಟುತ್ತೆ ಅನ್ನೋ ಗ್ರಾಫ್ ಬಂತು. 0.27ರ ಹತ್ತಿರ ಒಂದು ಸಣ್ಣ ಗುಬುಟು, ಕೆಳಗೆಲ್ಲ ಬಟಾಬಯಲು. ಎರಡು ಸಂಜೆ ಮ್ಯಾಟ್ರಿಕ್ಸಿನ ಚಿಹ್ನೆಗಳನ್ನು ಹೆಕ್ಕಿ ಹೆಕ್ಕಿ ನೋಡಿದೆ, ಎಲ್ಲ ಸರಿಯಾಗೇ ಇದ್ದವು. ಮೂರನೇ ಸಂಜೆ ಮಂಡಕ್ಕಿ ಪೊಟ್ಟಣ ಬಿಚ್ಚುತ್ತಾ ಅವಳೇ ಕೇಳಿದಳು, "ಸಾರ್, ಮಾಸ್ ಎಷ್ಟು ಹಾಕಿದೀರಿ?"

ಬಯಲಲ್ಲಿರುವ ಎಲೆಕ್ಟ್ರಾನಿನದು ಹಾಕಿದ್ದೆ! ಈ ಹರಳಿನೊಳಗೆ ಅದು ಅದರ 0.067 ಪಾಲಷ್ಟೇ ತೂಕದ್ದರಂತೆ ಓಡಾಡುತ್ತೆ. ಭಾರ ಹೆಚ್ಚಾದಷ್ಟೂ ಅಲೆ ಗೋಡೆಯಲ್ಲಿ ಬೇಗ ಸಾಯುತ್ತೆ, ಶೃಂಗಗಳು ಕೂದಲಿಗಿಂತ ಸಣ್ಣಗಾಗುತ್ತವೆ. ನಾವು ಶಕ್ತಿಯನ್ನು 0.001 ಎಲೆಕ್ಟ್ರಾನ್ ವೋಲ್ಟಿನ ಹೆಜ್ಜೆಯಲ್ಲಿ ಎಣಿಸುತ್ತಿದ್ದೆವು. ಶೃಂಗಗಳಿದ್ದವು, ಎರಡು ಹೆಜ್ಜೆಗಳ ನಡುವೆ ಜಾರಿಹೋಗಿದ್ದವು.

ತಿದ್ದಿದ ಮೇಲೆ 0.09ರಲ್ಲಿ ಶೃಂಗ ಎದ್ದು ನಿಂತಿತು, ಎತ್ತರ ಹೆಚ್ಚುಕಮ್ಮಿ 1. ಅಂದರೆ ಎರಡು ಗೋಡೆ ಅಡ್ಡವಿದ್ದೂ ಆ ಶಕ್ತಿಯ ಎಲೆಕ್ಟ್ರಾನಿಗೆ ತಡೆಯೇ ಇಲ್ಲ. 1974ರಲ್ಲಿ ಚಾಂಗ್, ಎಸಾಕಿ, ತ್ಸು ಪ್ರಯೋಗದಲ್ಲಿ ಕಂಡದ್ದು ಈ ಅನುರಣನವನ್ನೇ, ಅಂದರೆ ಗೋಡೆಗಳ ನಡುವೆ ಪುಟಿಯುವ ಅಲೆ ತನ್ನ ಮೇಲೆ ತಾನೇ ಕೂಡಿ ಬೆಳೆಯುವುದನ್ನು.

ಗೋಡೆಗಳನ್ನು 5 ನ್ಯಾನೊಮೀಟರಿಗೆ ದಪ್ಪ ಮಾಡಿದೆವು, ಹೆಜ್ಜೆ ಇನ್ನೂ ಸಣ್ಣದು ಮಾಡಿ. ಶೃಂಗದ ಅಗಲ ಹತ್ತರಲ್ಲೊಂದು ಪಾಲಿಗಿಳಿಯಿತು, ಎತ್ತರ ಮಾತ್ರ ಅಲ್ಲಾಡಲಿಲ್ಲ. ಇದನ್ನು ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದರೂ ಕಣ್ಣಾರೆ ನೋಡಿ ಕಕ್ಕಾಬಿಕ್ಕಿಯಾದೆ.

ಆಮೇಲೆ ಅವಳು ಎಲೆಕ್ಟ್ರಾನ್ ಒಳಬರುವ ಎಡಗೋಡೆ ಮಾತ್ರ 3ಕ್ಕೆ ಇಳಿಸಿದಳು. ಶೃಂಗದ ಎತ್ತರ 0.3ಕ್ಕೆ ಕುಸಿಯಿತು. ಗೋಡೆ ತೆಳುವಾದರೆ ಹೆಚ್ಚು ದಾಟಬೇಕಲ್ಲ ಅಂತ ನಾನು ತಲೆ ಕೆರೆಯುತ್ತಿದ್ದಾಗ ಅವಳೆಂದಳು, "ಬಂದ ದಾರೀಲೇ ವಾಪಸ್ ಸೋರ್ತಿದೆ, ಸಾರ್."