ಲೈನ್ ಮನೆಯ ಬಾಗಿಲು ತಟ್ಟುವ ಮೊದಲು

ಕೊಡಗಿನಲ್ಲಿ ಜನಗಣತಿಗೆ ಮೊದಲ ಅಡ್ಡಿ ಕಾಫಿ. 2011ರ ಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ರೊಬಸ್ಟಾ ಕುಯ್ಲಿನ ಹೊತ್ತಿನಲ್ಲಿ. ಬೆಳಿಗ್ಗೆ ಮಸ್ಟರ್, ಅಂದರೆ ಆಳುಗಳ ಹಾಜರಿ, ಆದಮೇಲೆ ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಉಳಿಯುವುದು ಮುದುಕರು, ಮಕ್ಕಳು, ಕೋಳಿಗಳು. ರಾತ್ರಿ ಹೋಗೋಣವೆಂದರೆ ಸಿದ್ದಾಪುರ, ಮಾಲ್ದಾರೆ ಕಡೆ ಆನೆ. ಹಾಗಾಗಿ ಗಣತಿಗೆ ಹೋದ ನಮಗೆ ಸಿಗುತ್ತಿದ್ದದ್ದು ಎರಡೇ ಹೊತ್ತು: ಮಸ್ಟರ್‌ಗೆ ಮುಂಚಿನ ಅರ್ಧ ಗಂಟೆ, ಕೂಲಿ ಬಟವಾಡೆ ದಿನದ ಸಂಜೆ.

ಅದಕ್ಕೆ ಮೊದಲು ಹಿಡಿಯಬೇಕಾದವರು ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಆಳುಗಳ ಮೇಸ್ತ್ರಿ. ಮಾಲೀಕರಿಗೆ ಇರುವ ಹೆದರಿಕೆ ಒಂದೇ: ಆಳುಗಳ ಲೆಕ್ಕ ಲೇಬರ್ ಆಫೀಸಿಗೆ ಹೋದೀತೆಂದು. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಮನೆಯ ವಿವರ ಗುಟ್ಟು, ಅದನ್ನು ಸಾಕ್ಷಿಯಾಗಿ ಬಳಸುವಂತಿಲ್ಲ ಎಂದು ಕಾಯ್ದೆಯ ಪ್ರತಿಯನ್ನೇ ತೋರಿಸಿ ಹೇಳಿದರೆ ಗೇಟು ತೆರೆಯುತ್ತದೆ. ಬಾಯಿಮಾತು ಸಾಲದು.

ರೈಟರ್ ಹೇಳಿದ ಮನೆಗಳ ಲೆಕ್ಕವನ್ನು ಮಾತ್ರ ನಂಬಬೇಡಿ. ಅವರು ಹೇಳುವುದು ರಿಜಿಸ್ಟರ್ ನೋಡಿಕೊಂಡು. ಕಾಫಿ ಒಣಗಿಸುವ ಕಣದ ಹಿಂದಿನ ಹಳೇ ಲೈನು, ಪಂಪ್‌ಹೌಸಿನ ಪಕ್ಕದ ಕೋಣೆ ಅದರಲ್ಲಿ ಇರುವುದಿಲ್ಲ. ನಡೆದೇ ನೋಡಬೇಕು. 'ಕುಟುಂಬ ಎಷ್ಟು?' ಎಂದು ಕೇಳಿದರೆ ಉತ್ತರ ತಪ್ಪುತ್ತದೆ. 'ಅನ್ನ ಬೇಯುವ ಒಲೆ ಎಷ್ಟು?' ಎಂದು ಕೇಳಿ. ಒಂದೇ ಒಲೆಯಲ್ಲಿ ಉಣ್ಣುವ ಐವರು ಅಸ್ಸಾಮಿ ಹುಡುಗರು ಒಂದು ಕುಟುಂಬ. ಒಂದೇ ಸೂರಿನಡಿ ಬೇರೆ ಬೇರೆ ಅಡುಗೆ ಮಾಡುವ ಅಣ್ಣತಮ್ಮಂದಿರು ಎರಡು. ಆ ಹುಡುಗರಿಗೆ ಇನ್ನೊಂದು ಮಾತನ್ನೂ ಹೇಳಬೇಕು: ಗಣತಿಯ ಅಷ್ಟೂ ದಿನ ಇಲ್ಲೇ ಇದ್ದರೆ ಇಲ್ಲೇ ಬರೆಸಬೇಕು, ಊರಿನಲ್ಲಿ ಅಪ್ಪ ಬರೆಸಬಾರದು. ಊರಿಗೆ ಅಲ್ಲೇ ನಿಂತು ಫೋನ್ ಮಾಡಿಸಿದರೆ ಒಳ್ಳೆಯದು. ಬೆಂಗಳೂರಿನಲ್ಲಿ ನೆಲೆಸಿ, ಮೂಲಮನೆಯಾದ ಐನ್‌ಮನೆಯಲ್ಲಿ ಹೆಸರು ಸೇರಿಸಿ ಎನ್ನುವ ಕೊಡವ ಒಕ್ಕದವರಿಗೂ (ಮನೆತನದವರಿಗೂ) ಇದೇ ನಿಯಮ, ಆದರೆ ಅವರನ್ನು ಒಪ್ಪಿಸುವುದು ಹೆಚ್ಚು ಕಷ್ಟ.

ಯರವರಂಥ ಬುಡಕಟ್ಟಿನವರ ಹಾಡಿಗಳಿಗೆ (ಕೇರಿಗಳಿಗೆ) ಕರಪತ್ರ ದಂಡ. ಯಜಮಾನರಿಗೆ ಮೊದಲೇ ಹೇಳಿ, ಯರವ ಭಾಷೆ ಬಲ್ಲ ಅಂಗನವಾಡಿ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯುವುದೇ ಸರಿ. ಮಾತೃಭಾಷೆಯ ಕಾಲಂ ಕೆಡುವುದೂ ಇಲ್ಲಿಯೇ. ಗಣತಿಗೆ ಬಂದ ಮೇಷ್ಟ್ರು ಕನ್ನಡದಲ್ಲಿ ಕೇಳಿದರೆ ಉತ್ತರವೂ 'ಕನ್ನಡ' ಎಂದೇ ಬರುತ್ತದೆ. 'ಚಿಕ್ಕವರಿದ್ದಾಗ ಅವ್ವ ನಿಮ್ಮ ಜೊತೆ ಯಾವ ಮಾತು ಆಡುತ್ತಿದ್ದರು?' ಎಂದು ಕೇಳಿ. ಕೊಡವರ ಮಾತಾದ ಕೊಡವ ತಕ್ಕ್ ಮಾತೃಭಾಷೆ ಎಂದು 2011ರಲ್ಲಿ ದಾಖಲಾದವರು 1,13,857 ಮಂದಿ. ಆ ಅಂಕಿ ಹುಟ್ಟುವುದು ಈ ಒಂದು ಪ್ರಶ್ನೆಯಿಂದ.

ಗೋಣಿಕೊಪ್ಪದ ಭಾನುವಾರದ ಸಂತೆ, ಶುಕ್ರವಾರದ ನಮಾಜಿನ ನಂತರದ ಮಸೀದಿ, ಕೊಡವ ಸಮಾಜದ ಮದುವೆ ಇವೆಲ್ಲ ತಾರೀಖು ಸಾರುವುದಕ್ಕೆ ಸಾಕು, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಈ ಸಲದ, ಅಂದರೆ 2027ರ ಗಣತಿಗೆ 'ಸಮೀಕ್ಷೆ ಆಗಲೇ ಆಯ್ತಲ್ಲ' ಎನ್ನುವವರು ಹೆಚ್ಚು. 2025ರದ್ದು ರಾಜ್ಯದ ಜಾತಿ ಸಮೀಕ್ಷೆ, ಇದು ದೇಶದ ಗಣತಿ ಎಂದು ಮೊದಲ ಮಾತಿನಲ್ಲೇ ಹೇಳಿಬಿಡಿ.

ಹೊಸ ಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1, ಅಂದರೆ ಮತ್ತೆ ಕುಯ್ಲೇ. ಮೊಬೈಲಿನಲ್ಲಿ ತಾವೇ ತುಂಬುವ ಅನುಕೂಲ ಬಂಗಲೆಯವರಿಗೆ ಆದೀತು, ನೆಟ್‌ವರ್ಕ್ ಇಲ್ಲದ ಲೈನ್ ಮನೆಗಲ್ಲ. ತುಂಬಿದವರು ಆಮೇಲೆ ಬರುವ ಗುರುತಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ರೈಟರ್ ಕೈಗೆ ಕೊಟ್ಟಿಡಲಿ, ಗಣತಿದಾರರು ಬಂದಾಗ ಮಾಲೀಕರು ತೋಟದಲ್ಲಿರುವುದೇ ಅಪರೂಪ.