ಟಿಕ್ ಟಿಕ್ ಎಂದು ಸತಾಯಿಸಿದ ಹುಲ್ಲಿನ ಗಾಡಿ

ಮಾಜಾಳಿಯಲ್ಲಿರುವ ನಮ್ಮ ತೆಂಗಿನ ತೋಟಕ್ಕೆ ರಾತ್ರಿ ಅಲೆಗಳ ಸದ್ದು ಕೇಳುತ್ತದೆ. ಹುಲ್ಲು ಕೊಯ್ಯಲು ಆಳು ಸಿಗದೆ ಬೇಸತ್ತು, ಗೋವಾದ ಹೋಟೆಲೊಂದು ಮಾರಾಟಕ್ಕಿಟ್ಟ ಹಳೆಯ ಯಂತ್ರವನ್ನು ತಂದಿದ್ದೆ. ಪುಟ್ಟ ಟ್ರ್ಯಾಕ್ಟರಿನ ಹಾಗೆ ಮೇಲೆ ಕುಳಿತು ಓಡಿಸುವಂಥದ್ದು. ಮನೆಯವರ ಬಾಯಲ್ಲಿ ಅದು ಹುಲ್ಲಿನ ಗಾಡಿ.

ಮೇ ಕೊನೆಯಲ್ಲಿ ಕೊಟ್ಟಿಗೆ ಸೇರಿದ ಗಾಡಿಯನ್ನು ಚೌತಿ ಮುಗಿದ ಮೇಲೆ ಹೊರಗೆ ತಳ್ಳಿದೆ. ಹುಲ್ಲು ಮೊಣಕಾಲಿಗೆ ಬಂದಿತ್ತು. ಕೀಲಿ ತಿರುಗಿಸಿದರೆ ಸದ್ದೇ ಇಲ್ಲ. ಬ್ರೇಕ್ ಪೆಡಲ್ ಪೂರ್ತಿ ಒತ್ತಿರಬೇಕು, ಬ್ಲೇಡು ತಿರುಗಿಸುವ ಲಿವರ್ ಬಿಡಿಸಿರಬೇಕು. ಇಲ್ಲದಿದ್ದರೆ ಸುರಕ್ಷತೆಯ ಸ್ವಿಚ್ಚುಗಳು ಸ್ಟಾರ್ಟರಿಗೆ ಕರೆಂಟ್ ಬಿಡುವುದಿಲ್ಲ. ಎರಡನ್ನೂ ನೋಡಿಕೊಂಡೆ. ನಾಲ್ಕು ತಿಂಗಳು ಸುಮ್ಮನೆ ಬಿದ್ದಿದ್ದ ಬ್ಯಾಟರಿ ಬರಿದಾಗಿತ್ತು. ರಾತ್ರಿಯಿಡೀ ಚಾರ್ಜ್ ಮಾಡಿ, ಬೆಳಿಗ್ಗೆ ಚಾರ್ಜರ್ ಕಳಚಿ, ಕಾಫಿ ತಿಂಡಿ ಮುಗಿಸಿಕೊಂಡು ಬಂದು ಅಳೆದರೆ 12.6 ವೋಲ್ಟ್. ತುಂಬಿದ ಬ್ಯಾಟರಿಯ ಲಕ್ಷಣ. ಕೀಲಿ ತಿರುಗಿಸಿದೆ: ಟಿಕ್ ಟಿಕ್ ಟಿಕ್. ಅಷ್ಟೇ.

ಇಲ್ಲಿ ನಾನು ಮಾಡಿದ್ದು ಶುದ್ಧ ಪೆದ್ದುತನ. ಮೀಟರಿನ ಮಾತು ನಂಬದೆ ಕಾರವಾರಕ್ಕೆ ಹೋಗಿ ಹೊಸ ಬ್ಯಾಟರಿ ತಂದೆ. ಅದೂ ಟಿಕ್ ಟಿಕ್ ಎಂದಿತು. ಮಡಗಾಂವಿನ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ಸದ್ದು ಕೇಳಿ ಸ್ಟಾರ್ಟರ್ ಮೋಟಾರು ಹೋಗಿದೆ, ಹೊಸದನ್ನು ತರಿಸಿಕೊಡುತ್ತೇನೆ ಎಂದರು. ಇನ್ನೇನು ಹಣ ಕಳುಹಿಸಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರು ಬೇಲಿ ದಾಟಿ ಬಂದರು. ಬೈತಖೋಲ ಬಂದರಿನಲ್ಲಿ ದೋಣಿ ಎಂಜಿನ್ನುಗಳ ಜೊತೆ ಆಯುಷ್ಯ ಕಳೆದವರು.

"ಅರ್ಥಿಂಗ್ ನೋಡಿದೆಯಾ ತಮ್ಮಾ?"

"ಇಲ್ಲ ಅಣ್ಣಾ. ಬ್ಯಾಟರಿಯ ಮೈನಸ್ಸಿನಿಂದ ಗಾಡಿಯ ಮೈಗೆ ಹೋಗುವ ಕಪ್ಪು ವೈರು ಗಟ್ಟಿಯಾಗಿಯೇ ಇದೆ."

"ಗಟ್ಟಿ ಇದ್ದರೆ ಸಾಕೇ? ಉಪ್ಪು ಒಳಗಿಂದ ತಿನ್ನುತ್ತದೆ."

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಬರಿ ಲೋಹಕ್ಕೂ ಹಿಡಿಯಲು ಹೇಳಿ, ತಾವೇ ಸೀಟಿನ ಮೇಲೆ ಕುಳಿತು ಕೀಲಿ ತಿರುಗಿಸಿದರು. ಅರ್ಥಿಂಗ್ ಚೊಕ್ಕವಾಗಿದ್ದರೆ ಅಲ್ಲಿ ಅರ್ಧ ವೋಲ್ಟೂ ಕಾಣಬಾರದು. ನನ್ನ ಮೀಟರು ಪ್ರತಿ ಟಿಕ್ಕಿಗೂ ಐದಾರಕ್ಕೆ ಹಾರಿ ಇಳಿಯುತ್ತಿತ್ತು. ಸ್ಟಾರ್ಟರಿಗೆ ಹೋಗಬೇಕಾದ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತಿತ್ತು. ಸ್ಟಾರ್ಟರಿಗೆ ಕರೆಂಟ್ ಹಾಯಿಸುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಟಿಕ್ ಎನ್ನಲು ಸ್ವಲ್ಪವೇ ಕರೆಂಟ್ ಸಾಕು. ಎಂಜಿನ್ನನ್ನು ತಿರುಗಿಸುವ ಮೋಟಾರಿಗೆ ಅದರ ಹತ್ತಾರು ಪಟ್ಟು ಬೇಕು.

ಸೀಟಿನ ಕೆಳಗೆ, ಚಾಸಿಗೆ (ಗಾಡಿಯ ಚೌಕಟ್ಟಿಗೆ) ಆ ಕಪ್ಪು ವೈರನ್ನು ಬಿಗಿದ ಬೋಲ್ಟು ಮೇಲಿನಿಂದ ಸಾಧುವಾಗಿ ಕಾಣುತ್ತಿತ್ತು. ಸುತ್ತಲಿನ ಬಣ್ಣ ಮಾತ್ರ ಹಪ್ಪಳದ ಹಾಗೆ ಉಬ್ಬಿತ್ತು. ಮೊದಲು ಬ್ಯಾಟರಿಯ ಮೈನಸ್ ಕಳಚಿದೆ (ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಗುಲಿದರೆ ಕಿಡಿ ಹಾರುತ್ತದೆ), ಆಮೇಲೆ ಬೋಲ್ಟು ಬಿಚ್ಚಿದೆ. ವೈರಿನ ತುದಿಯ ಬಳೆಯಲ್ಲಿ ಹಸಿರು ಕಿಲುಬು, ಅದರಡಿಯ ಚಾಸಿನಲ್ಲಿ ಪುಡಿಪುಡಿ ತುಕ್ಕು, ನಡುವಿನ ವಾಷರ್ ಬೆರಳಲ್ಲಿ ಒತ್ತಿದರೆ ಮುರಿಯಿತು. ಎಮರಿ ಕಾಗದದಲ್ಲಿ ಎರಡೂ ಕಡೆ ಹೊಳೆಯುವವರೆಗೆ ಉಜ್ಜಿ, ಹೊಸ ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಬಿಗಿಯುವ ಮೊದಲು ಸವರುವುದಲ್ಲ, ಬಿಗಿದ ಮೇಲೆ.

ಸೊಲೆನಾಯ್ಡಿನ ಎರಡು ತಿರುಪುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸ್ಟಾರ್ಟ್ ಮಾಡುವ ಶೂರರೂ ಇದ್ದಾರೆ. ಸುರಕ್ಷತೆಯ ಸ್ವಿಚ್ಚುಗಳನ್ನೆಲ್ಲ ದಾಟಿ ಎಂಜಿನ್ ತಿರುಗುವುದರಿಂದ, ಗೇರಿನಲ್ಲಿದ್ದರೆ ಗಾಡಿ ನಮ್ಮ ಮೇಲೆಯೇ ಬಂದೀತು. ನನಗಂತೂ ಬೇಡ.

ಈಗ ಎಂಜಿನ್ ಗರಗರ ತಿರುಗಿತು, ಆದರೆ ಹೊತ್ತಿಕೊಳ್ಳಲಿಲ್ಲ. ಇದು ನನ್ನದೇ ತಪ್ಪು: ಟ್ಯಾಂಕಿನಲ್ಲಿ ಮೇ ತಿಂಗಳ ಪೆಟ್ರೋಲ್ ಹಾಗೆಯೇ ಬಿಟ್ಟಿದ್ದೆ. ಪಂಪುಗಳಲ್ಲಿ ಈಗ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್, ಅದು ತೇವವನ್ನು ಹೀರುತ್ತದೆ. ಕಾರ್ಬ್ಯುರೇಟರಿನ ಬಟ್ಟಲನ್ನು ಗಾಜಿನ ಶೀಸೆಗೆ ಬಸಿದಾಗ ತಳದಲ್ಲಿ ಬೇರೆಯೇ ಪದರ, ನಡುವೆ ಗೆರೆ ಎಳೆದ ಹಾಗೆ. ಬಟ್ಟಲು ತೊಳೆದು, ಟ್ಯಾಂಕ್ ಬರಿದು ಮಾಡಿ, ಹೊಸ ಪೆಟ್ರೋಲ್ ಹಾಕಿದೆ. ಸ್ಪಾರ್ಕ್ ಪ್ಲಗ್ಗನ್ನೂ ಉಜ್ಜಿ, ಕೈಪಿಡಿಯಲ್ಲಿದ್ದಂತೆ 0.76 ಮಿಲಿಮೀಟರ್ ಸಂದು ಇಟ್ಟೆ. ಮೂರನೇ ಸಲಕ್ಕೆ ಬಿಳಿ ಹೊಗೆ ಕಾರಿ ಎದ್ದಿತು.

ಮಡಗಾಂವಿಗೆ ಫೋನ್ ಮಾಡಿ ಮೋಟಾರು ಬೇಡವೆಂದೆ. ಹಳೆಯ ಬ್ಯಾಟರಿಯನ್ನು ಹಿರಿಯರು ಒಯ್ದರು. ಅವರ ದೋಣಿಯ ದೀಪ ಈಗ ಅದರಿಂದಲೇ ಉರಿಯುತ್ತಿದೆ.