ಲಾವಕ್ಕಿ ಏನು ತಿನ್ನುತ್ತೆ? ಬದುವಿನ ಮೇಲೆ ಕೂತು ನೋಡುವ ಬಗೆ

ಸಜ್ಜೆ ಹೊಲದಲ್ಲಿ ಕಾಲಿಟ್ಟರೆ ಬುರ್ರನೆ ಎದ್ದು ಎದೆ ಝಲ್ಲೆನಿಸಿ, ಅಷ್ಟು ದೂರ ಹಾರಿ ಮತ್ತೆ ಹುಲ್ಲಿಗೆ ಬಿದ್ದು ಮಾಯವಾಗುವ ಹಕ್ಕಿ ಲಾವಕ್ಕಿ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆ ಇದನ್ನು ಕಾಣದ ರೈತನಿಲ್ಲ. ಮೇಯುವುದನ್ನು ಕಂಡವರು ಅಪರೂಪ. ಬೆನ್ನು ಹತ್ತಿದರೆ ಬಾಲವೂ ಕಾಣದು, ಇರುವುದೇ ಚೂರು ಬಾಲ.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ಕಲ್ಲು, ಕುರುಚಲು ಇರುವ ಮಸಾರಿ ನೆಲದಲ್ಲಿ ವರ್ಷವಿಡೀ ಗುಂಪಾಗಿ ಓಡಾಡುವುದು ಪೊದೆ ಲಾವಕ್ಕಿ. ಮಳೆಗಾಲದಲ್ಲಿ ಹುಲ್ಲಿನೊಳಗಿಂದ 'ವಿಕ್-ವಿಕ್' ಎಂದು ಜೋಡಿ ಸದ್ದು ಬಂದರೆ ಅದು ಮಳೆ ಲಾವಕ್ಕಿ, ಗಂಡಿಗೆ ಎದೆಯ ಮೇಲೆ ಕಪ್ಪು ಮಚ್ಚೆ.

ಹೊತ್ತು? ಬಿಸಿಲೇರುವ ಮೊದಲಿನ ಒಂದೆರಡು ತಾಸು, ಇಲ್ಲವೇ ಇಳಿಹೊತ್ತು. ಮಧ್ಯಾಹ್ನ ನೆರಳಲ್ಲಿ ಮಣ್ಣಲ್ಲಿ ಹೊರಳಿ ಮೈಗೆ ಪುಡಿಮಣ್ಣು ಎರಚಿಕೊಳ್ಳುವುದೇ ಅದರ ಕೆಲಸ. ಜಾಲಿಯ ಮರೆಗೆ ಕೂತು ಅಲುಗಾಡದಿರಿ. ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಅರ್ಧ ತಾಸು ಕಳೆದರೆ ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಕಾಲಿಂದ ಮಣ್ಣು ಕೆದರುವುದು, ಒಂದು ಹೆಜ್ಜೆ ಹಿಂದಿಟ್ಟು ನೋಡುವುದು, ಕೊಕ್ಕಿಂದ ಹೆಕ್ಕುವುದು. ಹೆಕ್ಕುವುದು ಬಹುಪಾಲು ಹುಲ್ಲಿನ ಬೀಜ, ಕಳೆಯ ಬೀಜ. ಜೊತೆಗೆ ಇರುವೆ, ಗೆದ್ದಲು, ಮಿಡತೆ, ಜೀರುಂಡೆ. ನಡುನಡುವೆ ಸಣ್ಣ ಹರಳನ್ನೂ ನುಂಗುತ್ತದೆ. ಹಲ್ಲಿಲ್ಲದ ಹಕ್ಕಿಗೆ ಹೊಟ್ಟೆಯೊಳಗಿನ ಬೀಸುವ ಕಲ್ಲು ಅದೇ.

ಸಜ್ಜೆ ತೆನೆ ಇದೇ ತಿಂದಿತು ಎನ್ನುವವರಿಗೆ ಒಂದು ಮಾತು: ತೆನೆ ಆಳೆತ್ತರದಲ್ಲಿ, ಲಾವಕ್ಕಿ ನೆಲದಲ್ಲಿ. ಅದಕ್ಕೆ ಸಿಗುವುದು ಉದುರಿದ ಕಾಳು. ತೆನೆಯ ಕಳ್ಳರು ಗಿಳಿ, ಗುಬ್ಬಿ. ಬಿತ್ತಿದ ಬೀಜ ಮಣ್ಣು ಮುಚ್ಚದೆ ಮೇಲೆ ಬಿದ್ದಿದ್ದರೆ ಮಾತ್ರ ಹೆಕ್ಕೀತು.

ಹಕ್ಕಿ ಕಾಣದಿದ್ದರೆ ಹಿಕ್ಕೆ ಹುಡುಕಿ. ಪೊದೆ ಲಾವಕ್ಕಿಗಳು ರಾತ್ರಿ ಮೈಗೆ ಮೈ ತಾಗಿಸಿ, ಮುಖ ಹೊರಗೆ ಮಾಡಿ ದುಂಡಗೆ ಕೂರುತ್ತವೆ. ಬೆಳಿಗ್ಗೆ ಆ ಜಾಗದಲ್ಲಿ ತುದಿ ಬೆಳ್ಳಗಿರುವ ಹಿಕ್ಕೆಯ ಗುಪ್ಪೆ. ಕಡ್ಡಿಯಿಂದ ಒಂದನ್ನು ತೆಗೆದು ಬಟ್ಟಲ ನೀರಲ್ಲಿ ನೆನೆಹಾಕಿ, ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿ ಹಿಡಿಯಿರಿ. ಬೀಜ ಇಡಿಯಾಗಿ ಸಿಗುವುದು ಕಡಿಮೆ, ಅರೆದುಹೋಗಿರುತ್ತದೆ. ಹೊಟ್ಟಿನ ಚೂರು, ಮರಳಿನ ಹರಳು, ಕಪ್ಪಗೆ ಹೊಳೆವ ಜೀರುಂಡೆ ರೆಕ್ಕೆಯ ತುಣುಕು ಬೇರೆ ಬೇರೆಯಾಗಿ ಕಾಣುತ್ತವೆ. ಆಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ.

ಹಿಡಿದು ನೋಡುವ ಆಸೆ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಮಳೆಗಾಲದಲ್ಲಿ ನೋಡಲು ಹೋದರೆ ಇನ್ನೊಂದು ಎಚ್ಚರ. ಮರಿಗಳು ಮೊಟ್ಟೆಯೊಡೆದ ದಿನವೇ ತಾಯಿಯ ಹಿಂದೆ ಓಡುತ್ತವೆ, ಮೊದಲ ದಿನಗಳ ಊಟ ಹೆಚ್ಚಾಗಿ ಹುಳು. ಬದುವಿನ ಹುಲ್ಲಿಗೂ ಔಷಧಿ ಹೊಡೆದರೆ ಅವಕ್ಕೆ ಮೇಯಲು ಏನೂ ಉಳಿಯದು. ಹೆಜ್ಜೆ ಇಡುವಾಗ ಹುಲ್ಲಿನ ಬುಡ ನೋಡಿ ಇಡಿ: ಗೂಡೆಂದರೆ ಅಲ್ಲಿ ಒಂದು ತಗ್ಗು, ಅಷ್ಟೇ.